ಗೋಡೆಗೆ ತಾಗಿದ ಒಂದು ಗೇಣು ಪೈಪು

ಹಾಲಿನ ಪುಡಿ ಹಾಕಿದ ಬಾಟಲಿಗೆ ಮನೆಯ ಸೊಸೆ ಇನ್ನೇನು ನೀರು ಬಗ್ಗಿಸಬೇಕು, ಅಷ್ಟರಲ್ಲಿ ಮೆಣಸಿನಕಾಯಿ ಬಾಟಲಿಯನ್ನೇ ಕಿತ್ತುಕೊಂಡ. ಅಡುಗೆಮನೆಯ ಸೋರುವ ನಲ್ಲಿಗೆ ವಾಷರ್ ಹಾಕಲು ಬಂದಿದ್ದ ಪ್ಲಂಬರ್ ಅವನು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಓಡಾಡುತ್ತಿದ್ದುದಕ್ಕೆ ಬಂದ ಅಡ್ಡಹೆಸರು ಅದು.

"ನಿಮಗೇನು ತಲೆ ಕೆಟ್ಟಿದೆಯಾ? ಮಗು ಹಸಿದು ಅಳ್ತಿದೆ."

"ಇನ್ನು ಹತ್ತು ನಿಮಿಷ ಅಳಲಿ ಅಕ್ಕಾ. ಈ ನೀರು ಮಾತ್ರ ಬೇಡ. ಎಲ್ಲಿಂದ ಹಿಡಿದಿದ್ದು?"

"ಇದೇ ನಲ್ಲಿಯಿಂದ. ಬೆಳಗಿನ ಮೊದಲ ಚೊಂಬು ನೀರು ಮೊಮ್ಮಗಳಿಗೇ ಅಂತ ಮಾವ ದಿನಾ ತಾವೇ ಹಿಡಿದಿಡ್ತಾರೆ. ರಾತ್ರಿಯೆಲ್ಲ ಯಾರೂ ಮುಟ್ಟದ ನೀರಂತೆ. ಕುದಿಸಿಯೇ ಕೊಡ್ತೀನಿ."

ಮೆಣಸಿನಕಾಯಿ ತಲೆ ಚಚ್ಚಿಕೊಂಡ. "ಕುದಿಸಿದರೆ ಕ್ರಿಮಿ ಸಾಯುತ್ತೆ, ಸೀಸ ಸಾಯುತ್ತಾ? ರಾತ್ರಿಯೆಲ್ಲ ಸೀಸದ ಪೈಪಿನಲ್ಲಿ ನೆನೆದ ನೀರನ್ನೇ ಆಯ್ದು ಆಯ್ದು ಮಗುವಿಗೆ ಕುಡಿಸ್ತಿದ್ದೀರಲ್ಲ! ದೊಡ್ಡವರಿಗೂ ಒಳ್ಳೆಯದಲ್ಲ, ಇದರದಿನ್ನೂ ಬೆಳೆಯೋ ಮಿದುಳು, ಸೀಸ ಅದಕ್ಕೆ ವಿಷ."

"ಯಾವನೋ ಅವನು ಸೀಸ ಅಂದಿದ್ದು?" ಹಜಾರದಿಂದ ಮಾವನೇ ಎದ್ದು ಬಂದರು. ಊರಿನ ಪ್ಲಂಬರುಗಳಿಗೆಲ್ಲ ಅವರು ಮೇಸ್ತ್ರಿ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಬೀದಿ ಸುತ್ತುತ್ತಿದ್ದ ಮೆಣಸಿನಕಾಯಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ್ದೂ ಅವರೇ. "ಈ ಮನೆಯದಷ್ಟೇ ಅಲ್ಲ, ಬೀದಿಯ ಹಳೇ ಸೀಸವನ್ನೆಲ್ಲ ನಾನೇ ಕಿತ್ತು ಕಬ್ಬಿಣ ಹಾಕಿ ಇಪ್ಪತ್ತು ವರ್ಷ ಆಯ್ತು. ಈ ಪೈಪಿಗೆ ವರ್ಷಕ್ಕೊಂದು ಸಲ ಬೆಳ್ಳಿ ಬಣ್ಣ ಬಳೀತೀನಿ. ನನ್ನ ಕೆಲಸಕ್ಕೇ ಹೆಸರಿಡೋಕೆ ಬಂದೆಯೇನೋ?"

"ಬಣ್ಣ ನಂಬಬೇಡ, ಕೆರೆದು ನೋಡು ಅಂತ ನನಗೆ ಹೇಳಿಕೊಟ್ಟಿದ್ದು ಯಾರು ಮೇಸ್ತ್ರಿ? ಸ್ಪ್ಯಾನರ್ ಜಾರಿ ಬಣ್ಣ ಎದ್ದಿದೆ. ಬಗ್ಗಿ ನೋಡಿ."

"ನೋಡೋದೇನು, ತೋರಿಸ್ತೀನಿ. ಕೊಡೋ ಇಲ್ಲಿ, ನಿನ್ನ ಚೀಲದಲ್ಲಿರೋ ಅಯಸ್ಕಾಂತ."

ಮೇಸ್ತ್ರಿ ಮಂಡಿಯೂರಿ ಸಿಂಕಿನ ಕೆಳಗೆ ತಲೆ ತೂರಿಸಿದರು. ನಲ್ಲಿಯ ಬುಡದಲ್ಲಿ ಅಯಸ್ಕಾಂತ ಟಕ್ ಎಂದು ಕಚ್ಚಿಕೊಂಡಿತು. "ಕಂಡಿತಾ?" ಇನ್ನೂ ಕೆಳಗೆ, ಟಕ್. "ಸೀಸಕ್ಕೆ ಅಂಟುತ್ತೇನೋ ಇದು?" ಪೈಪು ತಿರುಗುವ ಕಡೆ, ಟಕ್. ಗೋಡೆಗೆ ತಾಗಿದ ಕೊನೆಯ ಒಂದು ಗೇಣಿಗೆ ಹಿಡಿದರು. ಅಯಸ್ಕಾಂತ ಜಾರಿ ಕೆಳಗಿನ ನೀರಿನ ಬಕೆಟ್ಟಿಗೆ ಬಿತ್ತು.

ಅದನ್ನು ಎತ್ತಿಕೊಳ್ಳದೆ ಮೇಸ್ತ್ರಿ ಜೇಬಿನಿಂದ ಮನೆಯ ಬೀಗದ ಕೈ ತೆಗೆದು ಅದೇ ಗೇಣನ್ನು ಕೆರೆದರು. ಬೆಣ್ಣೆಯ ಹಾಗೆ ಮೆತ್ತಗೆ ಎದ್ದಿತು. ಬಣ್ಣದ ಕೆಳಗೆ ಮಂಕು ಬೂದು, ಅದರ ಕೆಳಗೆ ಫಳಫಳ ಹೊಳಪು.

"ಗೋಡೆಗೆ ಆಗತಾನೇ ಹೊಸ ಟೈಲ್ಸ್ ಹಾಕಿಸಿದ್ದೆ," ಎಂದರು ಸಿಂಕಿನ ಕೆಳಗಿನಿಂದಲೇ. "ಗೋಡೆ ಒಡೆಯೋಕೆ ಮನಸ್ಸು ಬರಲಿಲ್ಲ. ಒಳಗಿದ್ದ ಸೀಸವನ್ನ ಹಾಗೇ ಬಿಟ್ಟು ಜೋಡಿಸಿದೆ. ಗೊತ್ತಾಗದ ಹಾಗೆ ಬಣ್ಣ ಬಳಿದೆ. ಬಳೀತಾ ಬಳೀತಾ ನಾನೇ ಮರೆತುಬಿಟ್ಟೆ."

ಹೊರಗೆ ಬಂದವರೇ ಚೀಲದಿಂದ ಗರಗಸ ಎಳೆದರು. ಮೆಣಸಿನಕಾಯಿ ಆ ಕೈಯನ್ನು ಹಿಡಿದ.

"ಆತುರ ಬೇಡ ಮೇಸ್ತ್ರಿ. ಅಷ್ಟನ್ನೇ ಕೊಯ್ದರೆ ಗೋಡೆಯೊಳಗೆ ಉಳಿದದ್ದು ಕೆದರಿ ಇನ್ನಷ್ಟು ಸೀಸ ನೀರಿಗೆ ಬರುತ್ತೆ. ಗೋಡೆ ಒಡೆದು ಬೀದಿ ತನಕ ಪೂರ್ತಿ ತೆಗೆಯೋಣ, ನಾನೇ ನಿಂತು ಮಾಡ್ತೀನಿ. ಅಲ್ಲೀತನಕ ಕುಡಿಯೋಕೆ, ಅಡುಗೆಗೆ ನನ್ನ ಮನೆಯಿಂದ ಕ್ಯಾನಿನಲ್ಲಿ ನೀರು ತರ್ತೀನಿ. ನನ್ನದು ಹೊಸ ಪೈಪ್ ಲೈನು." ಸೊಸೆಯ ಕಡೆ ತಿರುಗಿದ. "ಅಕ್ಕಾ, ಡಾಕ್ಟರ ಹತ್ತಿರ ಹೋಗಿ ಮಗುವಿನ ರಕ್ತ ಪರೀಕ್ಷೆ ಮಾಡಿಸಿ. ಈಗಲೇ ಗೊತ್ತಾಗಿದ್ದು ಒಳ್ಳೆಯದಾಯ್ತು."

ಸೊಸೆ ಮಾವನ ಮುಖ ನೋಡದೆ ಚೊಂಬನ್ನು ಸಿಂಕಿಗೆ ಬೋರಲು ಹಾಕಿದಳು. ನೀರಿನ ಕ್ಯಾನ್ ತರಲು ಮೆಣಸಿನಕಾಯಿ ಓಡಿದ.

ಅವನು ಎರಡು ಕ್ಯಾನ್ ಹೊತ್ತು ಮರಳಿದಾಗ ಮೇಸ್ತ್ರಿ ಮನೆಯಲ್ಲಿರಲಿಲ್ಲ. ಎದುರು ಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಅದೇ ಅಯಸ್ಕಾಂತ, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಬಾಗಿಲು ತೆರೆದ ಹೆಂಗಸಿಗೆ ಅವರು ಹೇಳುತ್ತಿದ್ದುದು ಬೀದಿಗೆಲ್ಲ ಕೇಳಿಸಿತು:

"ನಿಮ್ಮ ಸಿಂಕಿನ ಕೆಳಗೂ ನಾನೊಂದು ಸುಳ್ಳು ಬಿಟ್ಟು ಹೋಗಿದ್ದೀನಮ್ಮ. ಬನ್ನಿ, ತೋರಿಸ್ತೀನಿ."