ಬಟ್ಟಲಲ್ಲಿ ಬಿಟ್ಟ ಮುಖ

ಆ ಬೆಳಿಗ್ಗೆ ಊರ ಮೇಲೆ ದಟ್ಟ ಮಂಜು ಕವಿದಿತ್ತು. ಟಾಕೀಸಿನ ಬಾಗಿಲು ಕಾಯುವ ಫಕೀರಪ್ಪ ಎಲ್ಲರನ್ನೂ ಕೇಳುವಂತೆ ನೀಲವ್ವನನ್ನೂ ಕೇಳಿದ: "ಈ ಸಿನಿಮಾದ ಕಾದಂಬರಿ ಓದೀರೇನ್ರೀ ಅಕ್ಕಾರ?"

"ಓದೀನಪ್ಪಾ."

"ಹಂಗಾದ್ರ ಓದುವಾಗ ಕಂಡ ಮುಖ ಇಲ್ಲೇ ಬಿಟ್ಟು ಹೋಗ್ರಿ. ಒಳಗ ಒಯ್ದ್ರ ತೆರೆ ಮ್ಯಾಲಿನಾಕಿ ನುಂಗಿಬಿಡ್ತಾಳ."

ಗುಡಿಯ ಮುಂದೆ ಚಪ್ಪಲಿ ಬಿಟ್ಟಂತೆ, ಓದಿದವರೆಲ್ಲ ನೀರಿನ ಬಟ್ಟಲಲ್ಲಿ ಮುಖ ಬಿಡುತ್ತಿದ್ದರು. ನೀಲವ್ವ ಕಾದಂಬರಿಯ ಹುಡುಗಿಗೆ ತೀರಿಹೋದ ಮಗಳ ಮುಖ ಕೊಟ್ಟು ಓದಿದ್ದಳು. ಮನೆಯಲ್ಲಿ ಮಗಳದೊಂದು ಫೋಟೋ ಕೂಡ ಇರಲಿಲ್ಲ. "ಜ್ವಾಕಿ, ಶಿವನೇ" ಎಂದು ಬಟ್ಟಲಿಗೆ ಬಾಗಿದಳು.

ಸಿನಿಮಾ ಮುಗಿಸಿ ಬಂದವಳು ನೀರನ್ನು ದಿಟ್ಟಿಸಿದಳು. "ಇದು ನಂದಲ್ಲೋ ತಮ್ಮಾ. ಈ ಹುಡುಗಿ ಯಾರು?"

"ನೋಡಿ ಬಂದವ್ರೆಲ್ಲಾ ಹಂಗಾ ಕೇಳ್ತಾರ್ರೀ. ಕಣ್ಣಾಗ ತೆರೆ ಮ್ಯಾಲಿನಾಕಿನ ಕುಂತಿರ್ತಾಳ."

ನೀರೊಳಗಿನ ತುಟಿ ಅಲುಗಿತು: "ಯವ್ವಾ..."

ಫಕೀರಪ್ಪ ಬಟ್ಟಲನ್ನು ಅವಳ ಕೈಗಿತ್ತ.