ಜೋಡಿಯ ಉಳಿದರ್ಧ

ಅವಳಿ ಗಾಯಕಿಯರಾದ ಇಂದುಮತಿ-ಬಿಂದುಮತಿಯರ ಪೈಕಿ ಬಿಂದುಮತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಆದರೆ ಜನ ಕರೆಯುತ್ತಿದ್ದದ್ದು ಜೋಡಿಯನ್ನು. ಹಾಗಾಗಿ ಪ್ರತಿ ಸಮಾರಂಭದಲ್ಲೂ ಇಂದುಮತಿಯ ಪಕ್ಕದಲ್ಲಿ ಯಂತ್ರವೊಂದು ಮೂಡಿಸುವ ಬೆಳಕಿನ ಬಿಂದುಮತಿ ನಿಲ್ಲುತ್ತಿದ್ದಳು. ಅಕ್ಕನ ಮುಖದಲ್ಲಿ ಹೊಸ ಸುಕ್ಕು ಕಂಡರೆ ತಿಂಗಳೊಳಗೆ ತಂಗಿಗೂ ಅದನ್ನು ಮೂಡಿಸುತ್ತಿದ್ದರು.

ಇವತ್ತು ದಾವಣಗೆರೆಯಲ್ಲಿ ಸೀರೆ ಅಂಗಡಿಯ ಉದ್ಘಾಟನೆ. ಅಕ್ಕ ಶುರು ಮಾಡಿದ ಮಾತನ್ನು ತಂಗಿ ಮುಗಿಸಬೇಕು, ಜನರಿಗೆ ಅದೇ ಇಷ್ಟ.

"ಈ ಊರಿಗೆ ಬಂದ್ರೆ ನಮಗೆ..." ಎಂದಳು ಇಂದುಮತಿ.

"ತವರಿಗೆ ಬಂದಂಗೆ!" ಎಂದಳು ಬಿಂದುಮತಿ.

ಚಪ್ಪಾಳೆ ಬಿತ್ತು. ಬೆಳಿಗ್ಗೆ ಹರಿಹರದಲ್ಲೂ ಇದೇ ಮಾತಿಗೆ ಬಿದ್ದಿತ್ತು.

ಜನ ಚದುರಿದರೂ ಇಂದುಮತಿ ಅಲ್ಲೇ, ಇನ್ನೂ ಆರಿಸದ ಬಿಂದುಮತಿಯ ಪಕ್ಕದಲ್ಲೇ ನಿಂತಿದ್ದಳು. ವೇದಿಕೆಯ ಮೆಟ್ಟಿಲಿಳಿಯಲೂ ಕಾಲಲ್ಲಿ ಕಸುವಿರಲಿಲ್ಲ. ಯಂತ್ರ ನೋಡಿಕೊಳ್ಳುವ ಕೊಟ್ರೇಶ ವೈರು ಸುತ್ತುತ್ತಾ ಬಂದವನು ಬಿಂದುಮತಿಯ ಕಡೆ ತಿರುಗಿ, "ಸುಸ್ತಾಗಿರ್ತೀರಿ ಅಮ್ಮಾ, ಕಾರಲ್ಲಿ ಕುತ್ಕಳ್ರಿ," ಎಂದ. ಆಮೇಲೆ ಇಂದುಮತಿಯತ್ತ ಕೈ ತೋರಿಸಿ, "ಇವರ್ನ ಆಫ್ ಮಾಡ್ಕಂಡು ಬಂದೆ," ಎಂದ.

ಇಂದುಮತಿ ಅವನನ್ನು ತಿದ್ದಲಿಲ್ಲ. ನಿಂತಲ್ಲೇ ಕಣ್ಣು ಮುಚ್ಚಿಕೊಂಡು, "ಬೇಗ ಮಾಡಪ್ಪಾ," ಎಂದಳು.