ಹ್ಞೂಂ ತಪ್ಪಿದ ಅಧ್ಯಾಯ

ಕಥೆ ಕೇಳುತ್ತಿದ್ದ ಸಿದ್ದವ್ವಜ್ಜಿಯ ಹ್ಞೂಂ ಥಟ್ಟನೆ ನಿಂತುಹೋಯಿತು. ತನ್ನ ಮೊದಲ ಕಾದಂಬರಿಯನ್ನು ಓದಿ ಹೇಳುತ್ತಿದ್ದ ದಾನೇಶ್ವರಿ ಕೆಂಪು ಪೆನ್ನು ಎತ್ತಿಕೊಂಡಳು. ಇನ್ನೂರು ಪುಟ ದಾಟಿದರೆ ಅಚ್ಚು ಹಾಕುವುದಿಲ್ಲ, ಐದನೆಯ ಅಧ್ಯಾಯದಲ್ಲಿ ಕಥೆ ಮುಂದೆ ಸಾಗುವುದೇ ಇಲ್ಲ, ಆ ನಲವತ್ತು ಪುಟ ತೆಗೆಯಿರಿ ಎಂದಿದ್ದರು ಪ್ರಕಾಶಕರು. ಈಗ ಅದೇ ಅಧ್ಯಾಯಕ್ಕೆ ಅಜ್ಜಿಗೂ ಬೇಸರ ಬಂದಿತಲ್ಲ!

ಚಿಕ್ಕಂದಿನಲ್ಲಿ ಹಿರೇಬೆಂಡಿಗೇರಿಯ ಇದೇ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕಥೆ ಹೇಳುತ್ತಿದ್ದವಳು ಅಜ್ಜಿ, ಹ್ಞೂಂ ಅನ್ನುತ್ತಿದ್ದವಳು ಇವಳು. ಒಂದು ಹ್ಞೂಂ ತಪ್ಪಿದರೂ, "ನಾ ಏನ ಗ್ವಾಡಿಗೆ ಕಥಿ ಹೇಳಾಕತ್ತೇನಿ?" ಎಂದು ಗದರಿ ಅಜ್ಜಿ ರಾಜಕುಮಾರಿಯನ್ನು ಕಾಡಿನಲ್ಲೇ ಬಿಟ್ಟುಬಿಡುತ್ತಿದ್ದಳು.

"ನಿದ್ದಿ ಬಂತೇನ ಆಯಿ? ಇದನ್ನ ತಗದ ಬಿಡ್ತೇನಿ ತಗೋ."

"ಏ ಹುಚ್ಚಿ, ಆ ಹುಡುಗಿ ಇನ್ನೂ ಒಬ್ಬಾಕೀನ ಬಾವಿ ಕಟ್ಟಿ ಮ್ಯಾಲ ಕುಂತಾಳ. ಮುಂದ ಓದ!" ಸುಲಿಯದ ಶೇಂಗಾ ಅಜ್ಜಿಯ ಮುಷ್ಟಿಯಲ್ಲೇ ಉಳಿದಿತ್ತು. "ಹ್ಞೂಂ ಅನ್ನೂದ ಮರತೆ, ಅಷ್ಟ."

ದಾನೇಶ್ವರಿ ಆ ಅಧ್ಯಾಯವನ್ನು ಕೊನೆಯವರೆಗೂ ಓದಿದಳು. ಆಮೇಲೆ ಹಾಳೆಗಳನ್ನು ಹಿಂದಕ್ಕೆ ತಿರುವಿ, ಅಜ್ಜಿ ಒಂದೂ ಹ್ಞೂಂ ತಪ್ಪಿಸದೆ ಕೇಳಿದ್ದ, ಒಟ್ಟು ನಲವತ್ತು ಪುಟಗಳ ಮೊದಲೆರಡು ಅಧ್ಯಾಯಗಳ ಮೇಲೆ ಕೆಂಪು ಗೆರೆ ಎಳೆದಳು.